ತಂತಿ ಬಿಗಿಯಿರಲಿ, ದವಡೆ ಸಡಿಲವಿರಲಿ

ಪಿಟೀಲು, ಸಿತಾರ್, ವೀಣೆ ಯಾವುದೇ ಇರಲಿ, ತಂತಿವಾದ್ಯ ಕಲಿಸುವ ಗುರುಗಳ ಕಣ್ಣು ಶಿಷ್ಯನ ಕೈಮೇಲೆ ಇರುತ್ತದೆ. ಎಡಗೈ ಹೆಬ್ಬೆರಳು ಎಲ್ಲಿದೆ, ಮಣಿಕಟ್ಟು ಬಾಗಿದೆಯೇ, ಕಮಾನು ತಂತಿಯ ಮೇಲೆ ನೇರವಾಗಿ ಹರಿಯುತ್ತಿದೆಯೇ, ಸಿತಾರ್ ಮೀಟುವ ಮಿಜರಾಬಿನ ಹೊಡೆತ ಸಮನಾಗಿದೆಯೇ ಎಂದು ನೋಡಿ ತಿದ್ದುತ್ತಾರೆ. ನಾದ ಹುಟ್ಟುವುದು ಅಲ್ಲಿಯೇ ಆದ್ದರಿಂದ ಅದು ಸಹಜ. ಆದರೆ ಅದೇ ಶಿಷ್ಯ ಮೊದಲ ಕಾಲದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರುವಾಗ ಅವನ ಕಿವಿಯ ಕೆಳಗಿನ ಜಾಗವನ್ನೊಮ್ಮೆ ಗಮನಿಸಬೇಕು. ಅಲ್ಲಿ ಒಂದು ಸ್ನಾಯು ಗಂಟು ಕಟ್ಟಿದಂತೆ ಎದ್ದು ನಿಂತಿರುತ್ತದೆ. ತುಟಿ ಬಿಗಿದಿರುತ್ತದೆ, ಹಲ್ಲಿಗೆ ಹಲ್ಲು ಕಚ್ಚಿರುತ್ತದೆ, ಉಸಿರು ಎಲ್ಲೋ ನಡುವೆ ನಿಂತುಬಿಟ್ಟಿರುತ್ತದೆ. ಕೈ ಪಡುವ ಕಷ್ಟವನ್ನು ದವಡೆ ತಾನೂ ಹೊತ್ತುಕೊಂಡಿರುತ್ತದೆ. ಇದೇ ತಪ್ಪನ್ನು ಗಾಯಕನೊಬ್ಬ ಮಾಡಿದರೆ ಮರುಕ್ಷಣವೇ ಸಿಕ್ಕಿಬೀಳುತ್ತಾನೆ. ಸ್ವರ ಕುಗ್ಗುತ್ತದೆ, ಅಕ್ಷರ ಒಡೆಯುತ್ತದೆ, ಗುರುಗಳು 'ಬಾಯಿ ಬಿಟ್ಟು ಹಾಡಪಾ' ಎನ್ನುತ್ತಾರೆ. ತಂತಿವಾದಕನ ದವಡೆಯ ಬಿಗಿತ ಮಾತ್ರ ಯಾರ ಕಿವಿಗೂ ನೇರವಾಗಿ ಬೀಳುವುದಿಲ್ಲ. ಆದ್ದರಿಂದಲೇ ಅದು ವರ್ಷಗಟ್ಟಲೆ ತಿದ್ದುವವರಿಲ್ಲದೆ ಬೆಳೆಯುತ್ತದೆ. ಅದನ್ನು ಬಿಡಿಸುವ ದಾರಿಯೂ ಇಲ್ಲಿಯೇ ಇದೆ: ಕೇಳದ ಬಿಗಿತವನ್ನು ಕೇಳುವಂತೆ ಮಾಡಬೇಕು, ಅಂದರೆ ನುಡಿಸುವವನು ಹಾಡಬೇಕು.

ಈ ಮಾತಿಗೆ ಹಾವೇರಿ ಜಿಲ್ಲೆಗಿಂತ ಒಳ್ಳೆಯ ನೆಲ ಸಿಗಲಾರದು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕನಕದಾಸರನ್ನು ಕಲಾವಿದರು ಚಿತ್ರಿಸುವಾಗ ಕಂಬಳಿಯ ಜೊತೆಗೆ ತಂಬೂರಿಯನ್ನೂ ಕೊಡುತ್ತಾರೆ. ಅದೇ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರ (1819–1889) ತತ್ವಪದಗಳು ಇಂದಿಗೂ ಏಕತಾರಿಯ ಶ್ರುತಿಯಲ್ಲಿ ಹಳ್ಳಿಹಳ್ಳಿಯಲ್ಲಿ ನಡೆಯುತ್ತವೆ. ಯಲ್ಲಮ್ಮನ ಜೋಗತಿಯರು ಚೌಡಿಕೆಯನ್ನು ಬಗಲಲ್ಲಿ ಅವುಚಿ ಹಿಡಿದು, ಅದರ ತಂತಿಯನ್ನು ಎಳೆದು ಸಡಿಲಿಸುತ್ತ ಕಥೆ ಹಾಡುತ್ತಾರೆ. ಈ ಮೂರರಲ್ಲೂ ತಂತಿ ಮತ್ತು ಬಾಯಿ ಒಟ್ಟಿಗೇ ಕೆಲಸ ಮಾಡುತ್ತವೆ. ಏಕತಾರಿಯವನನ್ನು ಹತ್ತಿರದಿಂದ ನೋಡಿ. ಬುರುಡೆ ಸೊಂಟದ ಪಕ್ಕಕ್ಕೆ ಬಂದಿರುತ್ತದೆ, ದಂಡಿ ಹೆಗಲಿಗೆ ಒರಗಿರುತ್ತದೆ. ಹಿಡಿದ ಕೈಯ ತೋರುಬೆರಳೇ ತಂತಿಯನ್ನು ಮೀಟುತ್ತದೆ, ಇನ್ನೊಂದು ಕೈಯಲ್ಲಿ ಚಿಟಿಕೆ ಲಯ ಹಾಕುತ್ತದೆ. ಎರಡೂ ಕೈ ದುಡಿಯುತ್ತಿದ್ದರೂ ಅವನ ದವಡೆ ಬಿಗಿಯುವಂತಿಲ್ಲ, ಏಕೆಂದರೆ ಅದಕ್ಕೆ ಪದ ನುಡಿಯುವ ಕೆಲಸವಿದೆ. ಏಕಾದಶಿಯ ರಾತ್ರಿ ಬೆಳಗಾಗುವ ತನಕ ಭಜನೆ ಮಾಡಿದವನ ಗಂಟಲು ಕೂರಬಹುದು, ಬೆರಳು ನೋಯಬಹುದು. ಆದರೆ ಹಾಡುವಷ್ಟು ಹೊತ್ತೂ ಅವನ ಹಲ್ಲುಗಳು ಕಚ್ಚಿಕೊಂಡೇ ಇರುವುದು ಸಾಧ್ಯವಿಲ್ಲ.

ದವಡೆಯ ಕೆಲಸವನ್ನು ತಿಳಿಯಲು ಪುಸ್ತಕ ಬೇಕಿಲ್ಲ, ಎರಡು ಬೆರಳು ಸಾಕು. ಕಿವಿಯ ಮುಂದೆ, ಗೂಟದಂತೆ ಎದ್ದಿರುವ ಪುಟ್ಟ ಮೃದ್ವಸ್ಥಿಯ ಪಕ್ಕದಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಅಲ್ಲೊಂದು ಗುಳಿ ಬಿದ್ದು ತುಂಬುವುದು ತಿಳಿಯುತ್ತದೆ. ಅದು ದವಡೆಯ ಕೀಲು. ಬೆರಳನ್ನು ಸ್ವಲ್ಪ ಕೆಳಗೆ, ಕೆನ್ನೆಯ ಹಿಂಭಾಗಕ್ಕೆ ಸರಿಸಿ ಹಲ್ಲು ಕಚ್ಚಿದರೆ ದಪ್ಪನೆಯ ಸ್ನಾಯು ಉಬ್ಬುತ್ತದೆ. ಅಗಿಯುವುದಕ್ಕೆಂದೇ ಇರುವ ಈ ಸ್ನಾಯು ಗಾತ್ರಕ್ಕೆ ಹೋಲಿಸಿದರೆ ನಮ್ಮ ಮೈಯ ಅತ್ಯಂತ ಬಲವಾದ ಸ್ನಾಯುಗಳಲ್ಲಿ ಒಂದು. ಬೀಸಣಿಗೆಯಾಕಾರದ ಇನ್ನೊಂದು ಸ್ನಾಯು ಕಪಾಳದಿಂದ ಕಣತಲೆಯವರೆಗೆ ಹರಡಿಕೊಂಡಿದೆ. ಹಲ್ಲು ಕಚ್ಚಿದಾಗ ಕಣತಲೆಯ ಮೇಲೆ ಬೆರಳಿಟ್ಟರೆ ಅದೂ ಮಿಡುಕುತ್ತದೆ. ಒಳಗಡೆ, ಬೆರಳಿಗೆ ಸಿಗದಂತೆ, ಮತ್ತೆರಡು ಜೊತೆ ಸ್ನಾಯುಗಳಿವೆ. ಇವೆಲ್ಲ ವಿಶ್ರಾಂತಿಯಲ್ಲಿರುವಾಗ ತುಟಿಗಳು ಮೆಲ್ಲನೆ ಮುಚ್ಚಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸುಮಾರು 2ರಿಂದ 4 ಮಿಲಿಮೀಟರ್ ಅಂತರ ಇರಬೇಕು. ಇದು ಅನೇಕರಿಗೆ ಅಚ್ಚರಿಯ ಸಂಗತಿ. ಬಾಯಿ ಮುಚ್ಚುವುದೆಂದರೆ ಹಲ್ಲು ಕೂಡಿಸುವುದು ಎಂದುಕೊಂಡವರೇ ಹೆಚ್ಚು. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಅಗತ್ಯವೇ ಇಲ್ಲ. ದಿನಕ್ಕೆ ಎರಡು ತಾಸು ಅಭ್ಯಾಸ ಮಾಡುವವನು ಆ ಎರಡು ತಾಸೂ ಕಚ್ಚಿಕೊಂಡು ಕೂತರೆ, ಊಟಕ್ಕೆಂದು ಇರುವ ಸ್ನಾಯುವಿಗೆ ಊಟಕ್ಕಿಂತ ಹೆಚ್ಚಿನ ಕೂಲಿ ಮಾಡಿಸಿದಂತೆ.

ಕೈಗೂ ದವಡೆಗೂ ಏನು ಸಂಬಂಧ ಎಂದು ಕೇಳುವುದು ನ್ಯಾಯವೇ. ಚಾರ್ಲ್ಸ್ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರಕಾಶದ ಬಗ್ಗೆ 1872ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚಿಕ್ಕ ಗಮನಿಕೆಯನ್ನು ದಾಖಲಿಸಿದ್ದಾನೆ: ಕತ್ತರಿಯಿಂದ ಏನನ್ನಾದರೂ ಕತ್ತರಿಸುವವರು ಕತ್ತರಿಯ ಅಲಗಿನ ಜೊತೆಗೇ ದವಡೆಯನ್ನೂ ಆಡಿಸುತ್ತಾರೆ. ಅಕ್ಷರ ತೀಡುವ ಮಗು ನಾಲಿಗೆ ಹೊರಚಾಚುವುದನ್ನು ಕಾಣದ ಮನೆಯಿಲ್ಲ. ಅದೇ ಶತಮಾನದ 1880ರ ದಶಕದಲ್ಲಿ ಹಂಗೇರಿಯ ವೈದ್ಯ ಯೆಂಡ್ರಾಸಿಕ್, ರೋಗಿ ತನ್ನ ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಜೋರಾಗಿ ಎಳೆದರೆ ಮೊಣಕಾಲಿನ ನರಪ್ರತಿಕ್ರಿಯೆ ಹೆಚ್ಚಾಗುವುದನ್ನು ತೋರಿಸಿದ. ಹಲ್ಲು ಬಿಗಿಯಾಗಿ ಕಚ್ಚಿಸಿದರೂ ಇದೇ ಫಲ ಸಿಗುತ್ತದೆ, ಹಾಗಾಗಿ ಇವತ್ತಿಗೂ ವೈದ್ಯರು ಮೊಣಕಾಲಿಗೆ ಸುತ್ತಿಗೆ ತಟ್ಟುವಾಗ ಹಲ್ಲು ಕಚ್ಚಲು ಹೇಳುವುದುಂಟು. ದವಡೆ ಬಿಗಿದರೆ ಬಹುದೂರದ ಕಾಲಿನ ಸ್ನಾಯುವೂ ಚುರುಕಾಗುತ್ತದೆ ಎಂದಾದರೆ ಹತ್ತಿರದ ಹೆಗಲು, ಮುಂಗೈಗಳ ಪಾಡೇನು? ಕೆನಡಾದ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1937ರಲ್ಲಿ ಪ್ರಕಟಿಸಿದ ಮಿದುಳಿನ ನಕ್ಷೆಯಲ್ಲಿ ಕೈಯನ್ನು ನಡೆಸುವ ಭಾಗವೂ ಮುಖವನ್ನು ನಡೆಸುವ ಭಾಗವೂ ಅಕ್ಕಪಕ್ಕದ ಮನೆಗಳು. ಒಂದರಲ್ಲಿ ಗದ್ದಲ ಹೆಚ್ಚಾದರೆ ಇನ್ನೊಂದಕ್ಕೆ ಕೇಳದಿರುವುದಿಲ್ಲ. ಆದ್ದರಿಂದ ಕಷ್ಟದ ಸಂಗತಿ ನುಡಿಸುವಾಗ ದವಡೆ ಬಿಗಿಯುವುದನ್ನು ಅಶಿಸ್ತು ಎಂದು ಬೈಯುವಂತಿಲ್ಲ, ಅದು ಮೈಯ ಸ್ವಭಾವ. ತೊಂದರೆ ಇರುವುದು ಬಿಗಿದದ್ದು ಬಿಡದೆ ಉಳಿಯುವುದರಲ್ಲಿ, ಮತ್ತು ಆ ಬಿಗಿತ ತಿರುಗಿ ಬಂದು ಕೈಯನ್ನೇ ಸೆಟೆಸುವುದರಲ್ಲಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ದವಡೆನೋವು ಪಾಶ್ಚಾತ್ಯ ಪಿಟೀಲುಗಾರರ ಕಾಯಿಲೆ, ನಮಗೇಕೆ ಅದರ ಗೊಡವೆ ಎಂಬುದು. ಅರ್ಧ ನಿಜ. ಯುರೋಪಿನಲ್ಲಿ ನಿಂತು ನುಡಿಸುವವರು ವಾದ್ಯವನ್ನು ಹೆಗಲು ಮತ್ತು ಗದ್ದದ ನಡುವೆ ಹಿಡಿಯುತ್ತಾರೆ. ಜರ್ಮನಿಯ ಪಿಟೀಲು ವಿದ್ವಾಂಸ ಲೂಯಿ ಸ್ಪೋರ್ 1820ರ ಸುಮಾರಿಗೆ ಗದ್ದಕ್ಕೆ ಆಸರೆಯ ಹಲಗೆಯನ್ನು ಕಂಡುಹಿಡಿದ ಮೇಲೆ ಎಡಗೈಗೆ ತಂತಿಯ ಮೇಲೆ ಓಡಾಡಲು ಸ್ವಾತಂತ್ರ್ಯ ಬಂತು, ಆದರೆ ವಾದ್ಯ ಹಿಡಿಯುವ ಹೊರೆಯ ಒಂದು ಪಾಲು ದವಡೆಗೆ ವರ್ಗವಾಯಿತು. ಅಲ್ಲಿನ ಪಿಟೀಲು ಮತ್ತು ವಿಯೋಲಾ ವಾದಕರ ದವಡೆಕೀಲಿನ ನೋವು, ಕೀಲು ಕಟಕಟ ಎನ್ನುವುದು, ಗದ್ದದಡಿಯ ಚರ್ಮ ಕಪ್ಪಾಗುವುದು, ಇವೆಲ್ಲ ದಂತವೈದ್ಯರ ಬರಹಗಳಲ್ಲಿ ದಶಕಗಳಿಂದ ಚರ್ಚೆಯಾಗಿವೆ. ನಮ್ಮಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ (1786–1859) ಕಾಲದಲ್ಲಿ ಬಂದ ಪಿಟೀಲು ನೆಲದ ಮೇಲೆ ಕೂತುಕೊಂಡಿತು. ತಲೆಯ ತುದಿ ಬಲಗಾಲಿನ ಪಾದದ ಬಳಿ, ಬುಡ ಎಡ ಎದೆಗೆ ಒರಗಿ, ಎರಡು ಕಡೆ ಆಸರೆ ಸಿಕ್ಕಿದ್ದರಿಂದ ಗದ್ದವನ್ನು ಒತ್ತುವ ಪ್ರಸಂಗವೇ ಬರಲಿಲ್ಲ. ಮೈಸೂರಿನ ಟಿ. ಚೌಡಯ್ಯನವರು ಸಭಾಂಗಣದ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು ಏಳು ತಂತಿಯ ಪಿಟೀಲು ಕಟ್ಟಿಕೊಂಡು ನುಡಿಸಿದ್ದೂ ಈ ಕೂರುವ ಭಂಗಿಯಲ್ಲಿಯೇ. ಇದು ನಮ್ಮ ಸಂಗೀತ ಕಂಡುಕೊಂಡ ದೊಡ್ಡ ಅನುಕೂಲ, ಅನುಮಾನವಿಲ್ಲ.

ಆದರೆ ಗದ್ದ ಒತ್ತದಿದ್ದರೆ ದವಡೆ ಬಿಗಿಯದು ಎನ್ನುವಂತಿಲ್ಲ. ಸಿತಾರನ್ನು ಯಾರೂ ಗದ್ದದಲ್ಲಿ ಹಿಡಿಯುವುದಿಲ್ಲ. ಆದರೂ ನಾಲ್ಕೈದು ಸ್ವರದ ಮೀಂಡಿಗಾಗಿ ತಂತಿಯನ್ನು ಅಡ್ಡಕ್ಕೆ ಎಳೆಯುವಾಗ ಮುಖ ಹೇಗಾಗುತ್ತದೆ ನೋಡಿ. ಆ ಎಳೆತಕ್ಕೆ ಎರಡು ಬೆರಳು ಮಾತ್ರ ಸಾಕಾಗುವುದಿಲ್ಲ, ಮುಂಗೈ ಬೇಕು, ತಂತಿ ಬೆರಳನ್ನು ಕೊಯ್ಯುವ ನೋವು ಬೇರೆ. ಉಸಿರು ಹಿಡಿದು, ಹಲ್ಲು ಕಚ್ಚಿ ಎಳೆಯುವುದು ಹೊಸಬನಿಗೆ ತಾನಾಗಿಯೇ ಬರುತ್ತದೆ. ವೀಣೆಯ ಗಮಕದಲ್ಲೂ ಇದೇ ಕಥೆ. ಝಾಲಾದಲ್ಲಿ ಕಾರಣ ಬೇರೆ: ಅಲ್ಲಿ ಬಲ ಬೇಡ, ವೇಗ ಬೇಕು, ಮತ್ತು ವೇಗ ಕೈತಪ್ಪೀತೆಂಬ ಭಯಕ್ಕೆ ದವಡೆ ಬಿಗಿಯುತ್ತದೆ. ಪಿಟೀಲಿನವನಿಗೆ ಮೆಟ್ಟಿಲುಗಳಿಲ್ಲದ ಹಲಗೆಯಲ್ಲಿ ಸ್ವರಸ್ಥಾನ ಹುಡುಕುವ ಆತಂಕ. ಶ್ರುತಿ ಮಾಡುವಾಗ ಬಿರಡೆ ಜಾರೀತೆಂಬ ಆತಂಕ ಎಲ್ಲರಿಗೂ ಇದೆ. ಪಕ್ಕವಾದ್ಯಕ್ಕೆ ಕೂತವನಿಗೆ ಗಾಯಕರು ಮುಂದೇನು ಹಾಡುತ್ತಾರೋ ಎಂದು ಕಾಯುವ ಒತ್ತಡ ಒಂದಿದೆ, ಮತ್ತು ಕಾಯುವಾಗ ಮೈಗೆ ಬೇರೆ ಕೆಲಸವಿಲ್ಲದೆ ದವಡೆಯೇ ಬಿಗಿದು ಕೂರುತ್ತದೆ. ಗದ್ದದ ಹಲಗೆ ಇಲ್ಲದ ನಮ್ಮಲ್ಲಿ ಬಿಗಿತಕ್ಕೆ ಹೊರಗಿನ ಕಾರಣ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಾವು ಅದನ್ನು ಹುಡುಕುವುದೂ ಇಲ್ಲ.

ಬಿಗಿತದ ಫಲವೂ ದವಡೆಯಲ್ಲಿಯೇ ನಿಲ್ಲುವುದಿಲ್ಲ. ಮುಖ ಮತ್ತು ದವಡೆಯ ಸಂವೇದನೆ ಹೊತ್ತು ತರುವ ಐದನೆಯ ಕಪಾಲನರದ ಎಳೆಗಳು ಕತ್ತಿನ ಮೇಲ್ಭಾಗದಲ್ಲಿ ಕುತ್ತಿಗೆಯ ನರಗಳ ಎಳೆಗಳೊಡನೆ ಒಂದೇ ನೆಲೆಯಲ್ಲಿ ಕೂಡುತ್ತವೆ. ಹಾಗಾಗಿ ದವಡೆಯ ನೋವು ಕುತ್ತಿಗೆಯಲ್ಲೂ ಕುತ್ತಿಗೆಯ ನೋವು ಕಣತಲೆಯಲ್ಲೂ ಕಾಣಿಸಿಕೊಳ್ಳಬಹುದು. ಅಭ್ಯಾಸವಾದ ಮೇಲೆ ತಲೆ ಸಿಡಿಯುತ್ತದೆ, ಕಿವಿ ಮುಚ್ಚಿದಂತಾಗುತ್ತದೆ, ಬೆಳಿಗ್ಗೆ ಎದ್ದಾಗ ಕೆನ್ನೆ ಭಾರ ಎನ್ನುವ ವಾದಕರು ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ ಎಲ್ಲ ಮಾಡಿಸಿ ದವಡೆಯನ್ನು ಮಾತ್ರ ಕೇಳದೆ ಬಿಡುತ್ತಾರೆ. ನಾದದ ಮೇಲಿನ ಪರಿಣಾಮವೂ ಸಣ್ಣದಲ್ಲ. ಕುತ್ತಿಗೆ ಸೆಟೆದರೆ ಹೆಗಲೆಲುಬು ಮೇಲೇರುತ್ತದೆ, ಹೆಗಲು ಮೇಲೇರಿದರೆ ಕಮಾನಿನ ಕೈಗೆ ತನ್ನ ಭಾರವನ್ನು ತಂತಿಗೆ ಬಿಡಲು ಆಗುವುದಿಲ್ಲ, ಭಾರ ಬಿಡಲಾಗದವನು ಒತ್ತುತ್ತಾನೆ. ಒತ್ತಿ ತೆಗೆದ ನಾದಕ್ಕೂ ಭಾರ ಬಿಟ್ಟು ತೆಗೆದ ನಾದಕ್ಕೂ ಇರುವ ವ್ಯತ್ಯಾಸ ಸಂಗೀತ ಬಾರದವರಿಗೂ ಗೊತ್ತಾಗುತ್ತದೆ.

ಹಾಡುವವರ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ದೇವಗಿರಿಯ ಸೇವುಣರ ಆಶ್ರಯದಲ್ಲಿ 13ನೇ ಶತಮಾನದಲ್ಲಿ ಶಾರ್ಙ್ಗದೇವ ಬರೆದ 'ಸಂಗೀತ ರತ್ನಾಕರ'ದಲ್ಲಿ ಗಾಯಕರ 25 ದೋಷಗಳ ಪಟ್ಟಿಯಿದೆ. ಹಲ್ಲು ಕಚ್ಚಿಕೊಂಡು ಹಾಡುವವನನ್ನು ಅಲ್ಲಿ ಸಂದಷ್ಟ ಎಂದು ಕರೆದು ದೋಷವುಳ್ಳವರ ಸಾಲಿಗೆ ಸೇರಿಸಲಾಗಿದೆ. ಬಾಯಿಯನ್ನು ವಿಕಾರವಾಗಿ ಅಗಲಿಸುವವನೂ, ಕತ್ತು ಸೊಟ್ಟ ಮಾಡುವವನೂ, ಹಣೆ ಕುತ್ತಿಗೆಯ ನರ ಉಬ್ಬಿಸಿಕೊಂಡು ಹಾಡುವವನೂ ಅದೇ ಪಟ್ಟಿಯಲ್ಲಿದ್ದಾರೆ. ಇಷ್ಟು ಸೂಕ್ಷ್ಮವಾಗಿ ಮುಖವನ್ನು ಗಮನಿಸಿದ ಪರಂಪರೆ ನಮ್ಮದು. ಅದೇ ಗ್ರಂಥ ವಾದ್ಯವು ಗೀತವನ್ನು ಅನುಸರಿಸಬೇಕೆಂದೂ ಹೇಳುತ್ತದೆ. ಈ ಎರಡು ಮಾತನ್ನು ಒಟ್ಟಿಗಿಟ್ಟು ಓದಿದರೆ ವಾದಕನಿಗೆ ದಾರಿ ಕಾಣುತ್ತದೆ. ಗೀತವನ್ನು ಅನುಸರಿಸುವುದೆಂದರೆ ಅದರ ಸ್ವರಗಳನ್ನು ಮಾತ್ರ ತಂತಿಯಲ್ಲಿ ತೆಗೆಯುವುದಲ್ಲ, ಗೀತ ಹುಟ್ಟುವ ಬಾಯಿ, ಉಸಿರು, ಸಡಿಲ ಗಂಟಲನ್ನೂ ಇಟ್ಟುಕೊಳ್ಳುವುದು. ತಾನು ನುಡಿಸುವ ಸಾಲನ್ನೇ ಸಣ್ಣ ದನಿಯಲ್ಲಿ ಹಾಡಿಕೊಳ್ಳುವ ವಾದಕನ ದವಡೆ ಬಿಗಿದ ಕ್ಷಣದಲ್ಲಿಯೇ ಅವನ 'ಆ'ಕಾರ 'ಊ'ಕಾರವಾಗಿ ಮುದುಡುತ್ತದೆ. ಇಷ್ಟು ಪ್ರಾಮಾಣಿಕವಾಗಿ ಸುದ್ದಿ ಕೊಡುವ ಸಾಧನ ಇನ್ನೊಂದಿಲ್ಲ. ಕನ್ನಡಿ ನೋಡುತ್ತ ನುಡಿಸಬಹುದು, ಆದರೆ ಕನ್ನಡಿ ನೋಡಿದಾಗ ಮುಖ ಬೇರೆಯಾಗುತ್ತದೆ. ದನಿಯನ್ನು ಹಾಗೆ ಸಿದ್ಧಪಡಿಸಿ ನಿಲ್ಲಿಸಲಾಗುವುದಿಲ್ಲ.

ಈ ಪದ್ಧತಿ ನಮ್ಮ ಕಡೆಗೆ ಹೊಸದೇನೂ ಅಲ್ಲ. ಈಗಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳಗಿಸಿದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಮೊದಲು ಗಾಯಕರು. ಪುಟ್ಟರಾಜ ಗವಾಯಿಗಳು ಪಿಟೀಲು, ಸಾರಂಗಿ, ಹಾರ್ಮೋನಿಯಂ, ತಬಲಾ ಎಂದು ಹಲವು ವಾದ್ಯ ನುಡಿಸಿದರು. ಆದರೆ ಆ ವಾದ್ಯಗಳೆಲ್ಲ ಹಾಡುವವರ ಕೈಗೆ ಬಂದ ವಾದ್ಯಗಳು. ರಹಿಮತ್ ಖಾನರಿಂದ ಬೆಳೆದು ಉಸ್ತಾದ್ ಬಾಲೇಖಾನರವರೆಗೆ (1942–2007) ಹೆಸರು ಮಾಡಿದ ಧಾರವಾಡದ ಸಿತಾರ್ ಮನೆತನ, ಹಾಡಿನಂತೆಯೇ ನುಡಿಸುವ ಗಾಯಕಿ ಅಂಗಕ್ಕೇ ಪ್ರಸಿದ್ಧಿ. ವಿಲಾಯತ್ ಖಾನರು (1928–2004) ಕಛೇರಿಯ ನಡುವೆ ಸಿತಾರ್ ನಿಲ್ಲಿಸಿ ಅದೇ ಸಾಲನ್ನು ಹಾಡಿ ತೋರಿಸಿ ಮತ್ತೆ ನುಡಿಸುತ್ತಿದ್ದರು. ವೀಣಾ ಧನಮ್ಮಾಳ್ (1867–1938) ವೀಣೆಯ ಜೊತೆಗೇ ಹಾಡುತ್ತಿದ್ದರು. ಇವರೆಲ್ಲ ದವಡೆಯನ್ನು ಸಡಿಲಿಸಬೇಕೆಂದು ಹಾಡಿದವರಲ್ಲ, ಸಂಗೀತದ ಭಾವಕ್ಕಾಗಿ ಹಾಡಿದವರು. ಮೈಗೆ ಆದ ಉಪಕಾರ ಅದರ ಜೊತೆಗೆ ಬಂದದ್ದು. ಇತ್ತೀಚೆಗೆ ಪರೀಕ್ಷೆಯ ಪಠ್ಯಕ್ರಮ ಮುಗಿಸುವ ಅವಸರದಲ್ಲಿ ವಾದ್ಯದ ವಿದ್ಯಾರ್ಥಿಗೆ ಹಾಡಿಸುವ ರೂಢಿ ಅನೇಕ ಕಡೆ ತಪ್ಪುತ್ತಿದೆ. ಸ್ವರಲಿಪಿ ಬರೆದುಕೊಟ್ಟು ನೇರವಾಗಿ ತಂತಿಗೆ ಕೂರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಸಂಗೀತಕ್ಕೂ ನಷ್ಟ, ಮೈಗೂ ನಷ್ಟ.

ತಂಬೂರಿ ಮೀಟುವ ದಾಸರನ್ನೂ ಮಿಂಚಿನಂತೆ ತಾನ್ ನುಡಿಸುವ ವಿದ್ವಾಂಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಯಾರಾದರೂ ಕೇಳಿದರೆ ಅದು ಗಟ್ಟಿಯಾದ ಪ್ರಶ್ನೆ. ಏಕತಾರಿಯ ತಂತಿ ಒಂದೇ ಸ್ವರ ಕೊಡುತ್ತದೆ, ಎಡಗೈಗೆ ಅಲ್ಲಿ ಸ್ವರ ಹಿಡಿಯುವ ಕೆಲಸವಿಲ್ಲ. ಕೈಗೆ ಕಷ್ಟವೇ ಇಲ್ಲದಾಗ ದವಡೆ ಬಿಗಿಯದಿರುವುದು ಏನು ಹೆಚ್ಚುಗಾರಿಕೆ? ಒಪ್ಪುತ್ತೇನೆ. ಅತಿವೇಗದ ತಾನನ್ನು ಜೊತೆಗೆ ಹಾಡುತ್ತ ನುಡಿಸಿ ಎಂದು ಯಾರಿಗೂ ಹೇಳಲಾಗದು, ಹಾಡಲು ಹೋದರೆ ಹೊಸ ಬಿಗಿತವೇ ಹುಟ್ಟೀತು. ಆದರೆ ತಾನ್ ಮೊದಲ ದಿನವೇ ಆ ವೇಗದಲ್ಲಿ ಹುಟ್ಟುವುದಿಲ್ಲ. ಅದು ವಿಲಂಬದಲ್ಲಿ ಕಲಿತದ್ದು, ನಿಧಾನವಾಗಿ ಏರಿಸಿದ್ದು. ಆ ವಿಲಂಬದ ಹಂತದಲ್ಲಿ ಕೈ ಜೊತೆ ಬಾಯಿ ಸಡಿಲವಾಗಿದ್ದರೆ ಮೈ ಆ ಸಾಲನ್ನು ಸಡಿಲವಾಗಿಯೇ ನೆನಪಿಟ್ಟುಕೊಳ್ಳುತ್ತದೆ. ಹಲ್ಲು ಕಚ್ಚಿ ಕಲಿತ ಸಾಲು ಹಲ್ಲು ಕಚ್ಚಿದಾಗಲೇ ಬರುತ್ತದೆ. ವೇಗಕ್ಕೆ ಹೋದ ಮೇಲೆ ಹಾಡುವುದು ನಿಂತರೂ ಅದು ಬೆಳೆಸಿದ ರೂಢಿ ಉಳಿಯುತ್ತದೆ. ಏಕತಾರಿಯವರಿಂದ ನಾವು ತೆಗೆದುಕೊಳ್ಳಬೇಕಾದದ್ದು ಕೈಚಳಕವನ್ನಲ್ಲ, ಈ ಒಂದು ರೂಢಿಯನ್ನು.

ಇನ್ನೊಂದು ಆಕ್ಷೇಪ ಹೆಚ್ಚು ಆಳದ್ದು. ಅವುಡುಗಚ್ಚಿ ಸಾಧನೆ ಮಾಡದೆ ವಿದ್ಯೆ ಒಲಿಯುವುದುಂಟೇ ಎಂಬುದು. ಬೆರಳಲ್ಲಿ ರಕ್ತ ಬರುವ ತನಕ ರಿಯಾಜ್ ಮಾಡಿದವರ ಕಥೆಗಳನ್ನು ಕೇಳಿ ಬೆಳೆದ ವಿದ್ಯಾರ್ಥಿಗೆ ಸಡಿಲವಾಗಿರು ಎಂಬ ಮಾತು ಸೋಮಾರಿತನದ ಉಪದೇಶದಂತೆ ಕೇಳುತ್ತದೆ. ಹಲ್ಲು ಕಚ್ಚಿದರೆ ಮೈಗೆ ಬಲ ಬರುವುದು ಸುಳ್ಳೂ ಅಲ್ಲ, ಯೆಂಡ್ರಾಸಿಕ್ ತೋರಿಸಿದ್ದೂ ಅದರತ್ತಲೇ ಬೊಟ್ಟು ಮಾಡುತ್ತದೆ. ಚೀಲ ಹೊರುವ ಹಮಾಲರಿಗೆ, ಕುಸ್ತಿ ಹಿಡಿಯುವ ಪೈಲ್ವಾನರಿಗೆ ಆ ಬಲ ಕೆಲಸಕ್ಕೆ ಬರುತ್ತದೆ. ಆದರೆ ತಂತಿವಾದಕನಿಗೆ ಬೇಕಾದದ್ದು ಒಟ್ಟು ಬಲವಲ್ಲ, ಆಯ್ದ ಬಲ. ಒಂದು ಬೆರಳು ಒತ್ತುವಾಗ ಪಕ್ಕದ ಬೆರಳು ಏಳಬೇಕು, ಬಲಗೈ ಗಟ್ಟಿಯಾಗಿ ಮೀಟುವಾಗ ಎಡಗೈ ಹಗುರವಾಗಿ ಜಾರಬೇಕು. ದವಡೆಯ ಬಿಗಿತ ಹೀಗೆ ಆರಿಸಿ ಬಲ ಕೊಡುವುದಿಲ್ಲ, ಎಲ್ಲ ಸ್ನಾಯುಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಬಗ್ಗಿಸುವ ಸ್ನಾಯುವೂ ಚಾಚುವ ಸ್ನಾಯುವೂ ಒಂದೇ ಹೊತ್ತಿಗೆ ಎಳೆದಾಡಿದರೆ ಬೆರಳು ನಿಧಾನವಾಗುತ್ತದೆ. ಸಾಧನೆಯಲ್ಲಿ ಬಿಡಬಾರದ ಹಟ ಮನಸ್ಸಿನದು. ಬೆಳಗಿನ ಜಾವ ಎದ್ದು ಕೂರುವುದು, ಒಂದೇ ಪಲಟವನ್ನು ನೂರು ಸಲ ತಿರುವಿಹಾಕುವುದು, ಬಾರದ ಕಡೆ ಮತ್ತೆ ಮೊದಲ ಕಾಲಕ್ಕೆ ಇಳಿಯುವ ತಾಳ್ಮೆ, ಇದಾವುದಕ್ಕೂ ಹಲ್ಲು ಕಚ್ಚುವ ಅಗತ್ಯವಿಲ್ಲ.

ಹಾಗೆಂದು ಸಡಿಲಿಸು ಎಂದ ಕೂಡಲೇ ದವಡೆ ಸಡಿಲುವುದಿಲ್ಲ. ಅದನ್ನು ಕಲಿಯಬೇಕಾಗುತ್ತದೆ, ಮತ್ತು ಈ ಕಲಿಕೆಯ ಒಂದು ದೊಡ್ಡ ಅಧ್ಯಾಯ ಕನ್ನಡ ನೆಲದವರೊಬ್ಬರ ಹೆಸರಿನಲ್ಲಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ಯರು 1952ರಲ್ಲಿ ಮುಂಬೈಯಲ್ಲಿ ಜಗತ್ಪ್ರಸಿದ್ಧ ಪಿಟೀಲು ವಾದಕ ಯೆಹೂದಿ ಮೆನುಹಿನ್‌ರನ್ನು ಭೇಟಿಯಾದರು. ಬಾಲ್ಯದಿಂದಲೇ ಕಛೇರಿ ಕೊಡುತ್ತ ಬಂದಿದ್ದ ಮೆನುಹಿನ್‌ರ ಮೈ ಆ ಹೊತ್ತಿಗೆ ದಣಿದು ಹೋಗಿತ್ತು. 1954ರಲ್ಲಿ ಅವರು ಅಯ್ಯಂಗಾರ್ಯರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ತನ್ನ ಅತ್ಯುತ್ತಮ ಪಿಟೀಲು ಗುರು ಇವರೇ ಎಂಬ ಮಾತನ್ನು ಕೆತ್ತಿಸಿ ಕೈಗಡಿಯಾರವೊಂದನ್ನು ಕೊಟ್ಟರು. ಪಿಟೀಲು ಹಿಡಿಯದ ಮನುಷ್ಯ ಪಿಟೀಲಿನ ಗುರುವಾದದ್ದು ಮೈಯನ್ನು ಬಿಡುವುದು ಹೇಗೆಂದು ಕಲಿಸಿದ್ದರಿಂದ. 1966ರಲ್ಲಿ ಮೆನುಹಿನ್‌ರ ಮುನ್ನುಡಿಯೊಡನೆ ಬಂದ ಅಯ್ಯಂಗಾರ್ಯರ ಗ್ರಂಥದಲ್ಲಿ ಶವಾಸನದ ವಿವರಣೆ ಕೆಳದವಡೆಯನ್ನು ಮರೆಯುವುದಿಲ್ಲ. ಅದು ಬಿಗಿಯದೆ ಸಡಿಲವಾಗಿ ಜೋತಿರಬೇಕು, ನಾಲಿಗೆಯೂ ಸುಮ್ಮನಿರಬೇಕು ಎನ್ನುತ್ತದೆ. ಅಂಗಾತ ಮಲಗಿದಾಗಲೂ ದವಡೆಗೆ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ ಎಂದರೆ, ಸಾವಿರ ಜನರೆದುರು ಮೂರನೇ ಕಾಲದಲ್ಲಿ ನುಡಿಸುವಾಗ ಹೇಳದೆ ಕೇಳೀತೇ?

ಅಭ್ಯಾಸಕ್ಕೆ ಕೂತಾಗ ಮಾಡಬೇಕಾದದ್ದು ಕಷ್ಟದ್ದಲ್ಲ. ವಾದ್ಯ ಎತ್ತಿಕೊಳ್ಳುವ ಮೊದಲು ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದಿನ ಉಬ್ಬಿಗೆ ಮೆಲ್ಲನೆ ತಾಗಿಸಿ, ತುಟಿ ಮುಚ್ಚಿ, ಹಲ್ಲು ಬಿಡಿಸಿ, ಮೂಗಿನಲ್ಲಿ ಹತ್ತು ಉಸಿರು ನಿಧಾನವಾಗಿ ಬಿಡಬೇಕು. ದವಡೆಯ ಸಹಜ ವಿಶ್ರಾಂತಿಯ ಭಂಗಿ ಇದು. ಎರಡೂ ಕೆನ್ನೆಯ ಹಿಂಭಾಗದ ಸ್ನಾಯುವನ್ನು ಬೆರಳ ತುದಿಯಿಂದ ಮೃದುವಾಗಿ ಸುತ್ತುಸುತ್ತಾಗಿ ತಿಕ್ಕಬಹುದು, ಚಳಿಗಾಲದಲ್ಲಿ ಬಿಸಿಬಟ್ಟೆಯ ಶಾಖವೂ ಹಿತ. ಶ್ರುತಿ ಹಾಕಿಕೊಂಡು 'ಆ'ಕಾರದಲ್ಲಿ ಷಡ್ಜ ಹಾಡಬೇಕು, ಬಾಯಿ ಒಂದು ಬೆರಳಷ್ಟು ತೆರೆದರೆ ಸಾಕು. ಆಮೇಲೆ ವಾದ್ಯ ಹಿಡಿದು, ಹಾಡುತ್ತಲೇ ಸರಳೆ ವರಸೆಯನ್ನೋ ಪಲಟವನ್ನೋ ಮೊದಲ ಕಾಲದಲ್ಲಿ ನುಡಿಸಬೇಕು. ಕಂಠ ಮಧುರವಾಗಿರಬೇಕೆಂಬ ನಿಯಮವಿಲ್ಲ, ಗುನುಗಿದರೂ ಆದೀತು, ಆದರೆ ಗುನುಗುವಾಗ ಹಲ್ಲು ತಾಗಬಾರದು. ಯಾವ ಸ್ವರದಲ್ಲಿ ದನಿ ಮುದುಡಿತೋ ಅಲ್ಲಿಯೇ ನಿಲ್ಲಬೇಕು. ತಪ್ಪು ಇರುವುದು ಹೆಚ್ಚಾಗಿ ಆ ಸ್ವರದಲ್ಲಲ್ಲ, ಅದರ ಹಿಂದಿನ ಸ್ವರದಿಂದ ಬೆರಳು ಹೊರಡುವ ರೀತಿಯಲ್ಲಿ. ವೇಗ ಇಳಿಸಿ, ಬೆರಳು ಬದಲಿಸಿ, ಒತ್ತಡ ಅರ್ಧ ಮಾಡಿ ನೋಡಬೇಕು. ದವಡೆಯನ್ನು ಮಾತ್ರ ತಿಕ್ಕಿ ಕೈಯನ್ನು ಹಾಗೆಯೇ ಬಿಟ್ಟರೆ ಅರ್ಧ ತಾಸಿನಲ್ಲಿ ಬಿಗಿತ ಮರಳಿ ಬರುತ್ತದೆ, ಏಕೆಂದರೆ ದವಡೆ ದೂರು ಹೇಳುತ್ತಿರುವುದು ಕೈಯ ಪರವಾಗಿ. ಸಿತಾರಿನವರು ಮೀಂಡ್ ಎಳೆಯುವಾಗ ಉಸಿರನ್ನು ಹೊರಗೆ ಬಿಡುತ್ತ ಎಳೆದು ನೋಡಲಿ. ಉಸಿರು ಹರಿಯುವಾಗ ಹಲ್ಲು ಕಚ್ಚುವುದು ಕಷ್ಟ.

ಎಲ್ಲ ಬಿಗಿತವೂ ಅಭ್ಯಾಸದ ಬಿಗಿತವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮ ಸೀಮೆಯಲ್ಲಿ ರಾತ್ರಿಯಿಡೀ ನಡೆಯುವ ಭಜನೆ, ಬಯಲಾಟಗಳಲ್ಲಿ ನಿದ್ದೆ ತಡೆಯಲೆಂದು ಅಡಿಕೆ, ತಂಬಾಕು ಬಾಯಿಗೆ ಹಾಕಿಕೊಳ್ಳುವುದು ಸಾಮಾನ್ಯ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿದರೂ ಚಟ ನಿಂತಿಲ್ಲ. ಗಟ್ಟಿ ಅಡಿಕೆಯನ್ನು ತಾಸುಗಟ್ಟಲೆ ಅಗಿಯುವುದು ದವಡೆಯ ಸ್ನಾಯುವಿಗೆ ದಣಿವು. ಅದಕ್ಕಿಂತ ಭಯಂಕರವಾದದ್ದು, ಅಡಿಕೆಯಿಂದ ಬಾಯೊಳಗಿನ ಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಹೋಗುವ ರೋಗ, ಅದು ಕ್ಯಾನ್ಸರಿಗೂ ತಿರುಗಬಹುದು. ಪರೀಕ್ಷೆ ಸುಲಭ: ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಯದಿದ್ದರೆ, ಖಾರ ತಿಂದಾಗ ಬಾಯಿ ವಿಪರೀತ ಉರಿದರೆ, ಹಾಡಿನ ಅಭ್ಯಾಸದಿಂದ ಗುಣವಾದೀತೆಂದು ಕಾಯಬಾರದು. ದವಡೆ ಸಿಕ್ಕಿಕೊಂಡು ತೆರೆಯದಿರುವುದು, ನೋವಿನೊಡನೆ ಕೀಲು ಕಟಕಟ ಎನ್ನುವುದು, ಮುಖ ಮರಗಟ್ಟುವುದು ಕಂಡರೂ ದಂತವೈದ್ಯರನ್ನು ಕಾಣಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೆ ದೂರವೇನಲ್ಲ. ಎದೆ ಹಿಡಿದಂತಾಗಿ, ಬೆವರು ಬಂದು, ನೋವು ದವಡೆಗೂ ಎಡತೋಳಿಗೂ ಹಬ್ಬಿದರೆ ಅದು ಹೃದಯಾಘಾತದ ಲಕ್ಷಣ, ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಉಳಿದ ಸಾಮಾನ್ಯ ಬಿಗಿತದ ಮದ್ದು ಮಾತ್ರ ಪಾಠದ ಕೋಣೆಯಲ್ಲಿಯೇ ಇದೆ, ಅದಕ್ಕೆ ಖರ್ಚೂ ಇಲ್ಲ. ಆದ್ದರಿಂದ ಜಿಲ್ಲೆಯ ಸಂಗೀತ ಶಿಕ್ಷಕರಲ್ಲಿ ಒಂದು ವಿನಂತಿ. ಪಿಟೀಲು, ಸಿತಾರ್, ವೀಣೆ, ಮ್ಯಾಂಡೊಲಿನ್ ಕಲಿಯಲು ಬಂದ ಮಕ್ಕಳಿಗೆ ಪ್ರತಿ ಪಾಠದ ಮೊದಲ ಐದು ನಿಮಿಷ ಹಾಡಿಸಿ. ಹೊಸ ಸಾಲನ್ನು ಬಾಯಲ್ಲಿ ಕೂರಿಸದೆ ತಂತಿಗೆ ಕೊಡಬೇಡಿ. ಕೈ ತಿದ್ದುವಾಗ ಒಮ್ಮೆ ಕಿವಿಯ ಕೆಳಗೂ ಕಣ್ಣಾಡಿಸಿ. ಅಲ್ಲಿ ಗಂಟು ಕಂಡರೆ ಮಗುವನ್ನು ಬೈಯಬೇಡಿ, ಕಾಲ ಇಳಿಸಿ ಮತ್ತೊಮ್ಮೆ ಹಾಡಿಸಿ.